ಹೊಸ ಮಾದರಿ ರೈಲು ಎಂಜಿನ್ನಿನ ದೋಷಗಳು: ಪರೀಕ್ಷೆ ಮತ್ತು ಪರಿಹಾರ

ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆದರೂ ಅದೇ ಜಿಲ್ಲೆಯ ಲಿಂಗಸುಗೂರು ಸೀಮೆಗೆ ರೈಲೆಂಬುದು ಬಹುಕಾಲ ದೂರದ ವಸ್ತುವಾಗಿಯೇ ಉಳಿಯಿತು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ, ಕುಷ್ಟಗಿಗೆ 2025ರಲ್ಲಿ. ಗದಗ–ವಾಡಿ ಮಾರ್ಗವು ಲಿಂಗಸುಗೂರಿನ ಮೂಲಕ ಹಾಯ್ದುಹೋಗುವಂತೆ ಯೋಜಿತವಾಗಿದೆ. ಹೀಗಿರುವಾಗ ಈ ಭಾಗದ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮೇಜಿನ ಮೇಲೆ ಓಡುವ ಒಂದು ಮಾದರಿ ರೈಲು ಆಟಿಕೆಯಷ್ಟೇ ಅಲ್ಲ. ವಿದ್ಯುತ್ತು ಚಲನೆಯಾಗುವ ಬಗೆಯನ್ನು, ಹಲ್ಲುಗಾಲಿಯು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಬಗೆಯನ್ನು ಅದು ಮಕ್ಕಳಿಗೆ ಕಣ್ಣಾರೆ ತೋರಿಸುವ ಪಾಠೋಪಕರಣವಾಗಿದೆ.

ಆದರೆ ದಾನಿಗಳ ಹಣದಿಂದ ಕೊಂಡ, ಇಲ್ಲವೆ ಹಳೆಯ ವಿದ್ಯಾರ್ಥಿಯೊಬ್ಬರು ಪರದೇಶದಿಂದ ತಂದುಕೊಟ್ಟ ಇಂಥ ಎಂಜಿನ್ನು ಮೊದಲ ದಿನವೇ ಓಡದೆ ನಿಂತರೆ ಆಗುವುದೇನು? ಮಕ್ಕಳ ಮುಖ ಬಾಡುತ್ತದೆ. ಶಿಕ್ಷಕರಿಗೆ ಸಂಕೋಚವಾಗುತ್ತದೆ. ಎಂಜಿನ್ನು ಬೀರುವನ್ನು ಸೇರುತ್ತದೆ, ಬೀಗ ಬೀಳುತ್ತದೆ. ಕೊಟ್ಟವರು ಮುಂದಿನ ವರ್ಷ ಬಂದು ಕೇಳಿದಾಗ ಉತ್ತರವಿರುವುದಿಲ್ಲ. ಈ ದುರ್ಗತಿಯನ್ನು ತಪ್ಪಿಸಲು ದೊಡ್ಡ ಯಂತ್ರವಿದ್ಯೆ ಬೇಕಿಲ್ಲ. ಕ್ರಮಬದ್ಧವಾದ ಪರೀಕ್ಷೆ ಸಾಕು.

ಹೊಸತರಲ್ಲಿ ದೋಷ ಸಹಜ

ಹೊಸ ವಸ್ತುವೆಂದರೆ ನಿರ್ದೋಷವೆಂಬ ನಂಬಿಕೆ ಸರಿಯಲ್ಲ. ಇದಕ್ಕೆ ರೈಲಿನ ಇತಿಹಾಸದ ಆರಂಭದಲ್ಲಿಯೇ ನಿದರ್ಶನವಿದೆ. 1829ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೇನ್‌ಹಿಲ್ ಎಂಬಲ್ಲಿ, ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗಕ್ಕೆ ತಕ್ಕ ಎಂಜಿನ್ನನ್ನು ಆರಿಸಲು 500 ಪೌಂಡ್ ಬಹುಮಾನದ ಪಂದ್ಯ ನಡೆಯಿತು. ಜನರ ಮೆಚ್ಚುಗೆ ಪಡೆದ ‘ನಾವೆಲ್ಟಿ’ ಅವಸರದಲ್ಲಿ ಸಿದ್ಧವಾಗಿತ್ತು. ರೈಲುಹಳಿಯ ಮೇಲೆ ಮೊದಲು ಓಡಿಸಿ ನೋಡಲು ಅದರ ನಿರ್ಮಾಪಕರಿಗೆ ಅವಕಾಶವಿರಲಿಲ್ಲ. ಪಂದ್ಯದ ನಡುವೆಯೇ ಅದು ಕೆಟ್ಟಿತು, ದುರಸ್ತಿ ಮಾಡಿದರೂ ಮತ್ತೆ ಕೆಟ್ಟಿತು. ‘ಸಾನ್ಸ್ ಪೆರೇಲ್’ ಎಂಬ ಇನ್ನೊಂದು ಎಂಜಿನ್ನಿನ ನೀರುಣಿಸುವ ಪಂಪು ಕೈಕೊಟ್ಟಿತು. ಗೆದ್ದದ್ದು ಸ್ಟೀಫನ್‌ಸನ್ನರ ‘ರಾಕೆಟ್’. ಅದರ ರಚನೆ ಉತ್ತಮವಾಗಿದ್ದುದು ನಿಜ. ಆದರೆ ಪಂದ್ಯಕ್ಕೆ ಮುನ್ನವೇ ಅದನ್ನು ಕಿಲ್ಲಿಂಗ್‌ವರ್ತ್‌ನ ಹಳಿಗಳ ಮೇಲೆ ಓಡಿಸಿ ಪರೀಕ್ಷಿಸಿದ್ದರೆಂಬುದೂ ಅಷ್ಟೇ ನಿಜ. ಪ್ರದರ್ಶನದ ದಿನವನ್ನೇ ಪರೀಕ್ಷೆಯ ದಿನವನ್ನಾಗಿ ಮಾಡಿಕೊಳ್ಳಬಾರದೆಂಬುದೇ ಇದರ ನೀತಿ.

ಪೆಟ್ಟಿಗೆ ತೆರೆಯುವಾಗ

ಲಿಂಗಸುಗೂರಿನಂಥ ಊರಿಗೆ ಎಂಜಿನ್ನು ದೂರದ ನಗರದಿಂದ ಅಂಚೆಯಲ್ಲೋ ಲಾರಿಯಲ್ಲೋ ಬರುವುದರಿಂದ, ದೋಷಗಳಲ್ಲಿ ಒಂದು ಪಾಲು ದಾರಿಯ ಕುಲುಕಾಟದ ಫಲವಾಗಿರುತ್ತದೆ. ಪೆಟ್ಟಿಗೆಯನ್ನಾಗಲಿ ಒಳಗಿನ ಅಚ್ಚುಗಳನ್ನಾಗಲಿ ಎಸೆಯಬಾರದು. ಮರಳಿ ಕಳುಹಿಸಬೇಕಾದರೆ ಅವು ಅವಶ್ಯ. ರಸೀದಿಯನ್ನು ಜೋಪಾನವಾಗಿ ಇಡಬೇಕು. ತೆರೆಯುವಾಗಲೇ ಭಾವಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಗಾಲಿಗಳ ನಡುವೆ ಕಾಗದದ ಚೂರು, ಪ್ಲಾಸ್ಟಿಕ್ಕಿನ ತುಂಡು ಸಿಕ್ಕಿಕೊಂಡಿದೆಯೇ, ಗಾಲಿಯ ಹಿಂಬದಿಗೆ ತಾಗಿರಬೇಕಾದ ಹಿತ್ತಾಳೆಯ ಅಥವಾ ಕಂಚಿನ ತೆಳುಪಟ್ಟಿ ಬಾಗಿದೆಯೇ ಎಂಬುದನ್ನು ಬೂದುಗಾಜಿನಿಂದ ನೋಡಬೇಕು. ಈ ಪಟ್ಟಿಯೇ ಹಳಿಯ ವಿದ್ಯುತ್ತನ್ನು ಗಾಲಿಯಿಂದ ಮೋಟಾರಿಗೆ ಮುಟ್ಟಿಸುವುದು.

ವಿದ್ಯುತ್ತಿನ ಹೊಂದಾಣಿಕೆ

ಎಷ್ಟೋ ವೇಳೆ ಎಂಜಿನ್ನಿನಲ್ಲಿ ದೋಷವೇ ಇರುವುದಿಲ್ಲ. ಹೊಂದದ ಎರಡು ವಸ್ತುಗಳನ್ನು ಕೂಡಿಸಿರುತ್ತಾರೆ. ಎಚ್‌ಓ ಅಳತೆಯ ಮಾದರಿಗಳು ಮೂಲದ 87ನೆಯ ಒಂದು ಭಾಗದಷ್ಟಿದ್ದು, 16.5 ಮಿ.ಮೀ. ಅಂತರದ ಹಳಿಯ ಮೇಲೆ ಓಡುತ್ತವೆ. ಸಾಮಾನ್ಯವಾಗಿ ಅವು 12 ವೋಲ್ಟಿನ ನೇರ ವಿದ್ಯುತ್ತಿನಿಂದ ನಡೆಯುವಂಥವು. ಹಳಿಗಳ ಧನ–ಋಣಗಳನ್ನು ಅದಲುಬದಲು ಮಾಡಿದರೆ ಎಂಜಿನ್ನು ಹಿಂದಕ್ಕೆ ಚಲಿಸುತ್ತದೆ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯ ಎಚ್‌ಓ ಪದ್ಧತಿಯಾದರೋ ಬೇರೆ. ಅದರಲ್ಲಿ ಹಳಿಗಳ ನಡುವಿನ ಸಾಲುಬಿಂದುಗಳಿಂದ ವಿದ್ಯುತ್ತು ಒದಗುತ್ತದೆ. ಒಂದು ಪದ್ಧತಿಯ ಎಂಜಿನ್ನನ್ನು ಇನ್ನೊಂದರ ಹಳಿಯ ಮೇಲಿಟ್ಟು ಕೆಟ್ಟಿದೆಯೆನ್ನುವುದು ಅನ್ಯಾಯ.

ಡಿಜಿಟಲ್ ನಿಯಂತ್ರಣದ ಹಳಿಯಲ್ಲಿ ಸದಾ ಪೂರ್ಣ ವಿದ್ಯುತ್ತು ಇದ್ದು, ಅದರ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಡಿಕೋಡರು ಇಲ್ಲದ ಸಾಧಾರಣ ಎಂಜಿನ್ನನ್ನು ಅಂಥ ಹಳಿಯ ಮೇಲಿಟ್ಟರೆ ಅದು ನಿಂತಲ್ಲೇ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಮೋಟಾರು ಸುಟ್ಟುಹೋಗಲೂಬಹುದು. ಅಮೆರಿಕದಿಂದ ಬಂದ ಸಲಕರಣೆಯ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಅಲ್ಲಿನ ಮನೆಗಳ ವಿದ್ಯುತ್ತು 120 ವೋಲ್ಟಿನದು, ನಮ್ಮ ದೇಶದ್ದು 230. ನಿಯಂತ್ರಕದ ಮೇಲಿನ ಬರಹವನ್ನು ಓದದೆ ಪ್ಲಗ್ಗು ಚುಚ್ಚಿದರೆ, ಪ್ರೀತಿಯಿಂದ ಬಂದ ಕೊಡುಗೆ ಒಂದು ಕ್ಷಣದಲ್ಲಿ ಹೊಗೆಯಾದೀತು.

ಎಂಜಿನ್ನು ಚಲಿಸದಿದ್ದರೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಇಲ್ಲಿ ಮುಖ್ಯ ನಿಯಮ. ಮೊದಲು ಹಳಿಗೆ ವಿದ್ಯುತ್ತು ಬರುತ್ತಿದೆಯೇ ಎಂಬುದನ್ನು 12 ವೋಲ್ಟಿನ ಸಣ್ಣ ಬಲ್ಬಿನಿಂದಲೋ ಮಲ್ಟಿಮೀಟರಿನಿಂದಲೋ ತಿಳಿಯಬೇಕು. ಒಂದು ತುಂಡಿನಲ್ಲಿ ಬಲ್ಬು ಉರಿದು ಮುಂದಿನ ತುಂಡಿನಲ್ಲಿ ಉರಿಯದಿದ್ದರೆ ದೋಷ ಹಳಿಯ ಜೋಡಣೆಯಲ್ಲಿದೆ. ಎಲ್ಲೆಡೆ ಉರಿದರೆ ಎಂಜಿನ್ನನ್ನು ಮೆತ್ತನೆಯ ಸ್ಪಂಜಿನ ಮೇಲೆ ಮಗುಚಿ ಮಲಗಿಸಿ, ನಿಯಂತ್ರಕದ ಎರಡು ತಂತಿಗಳನ್ನು ಎರಡು ಬದಿಯ ಗಾಲಿಗಳಿಗೆ ಮುಟ್ಟಿಸಬೇಕು. ಒಂದು ಜೊತೆ ಗಾಲಿಗೆ ಮುಟ್ಟಿಸಿದಾಗ ಮೋಟಾರು ತಿರುಗಿ, ಇನ್ನೊಂದು ಜೊತೆಗೆ ಮುಟ್ಟಿಸಿದಾಗ ತಿರುಗದಿದ್ದರೆ ಆ ಗಾಲಿಯ ಸಂಪರ್ಕಪಟ್ಟಿಯನ್ನು ಅನುಮಾನಿಸಬೇಕು. ಯಾವ ಗಾಲಿಗೆ ಮುಟ್ಟಿಸಿದರೂ ತಿರುಗದಿದ್ದರೆ ಒಳಗಿನ ತಂತಿ ಬಿಟ್ಟಿರಬಹುದು, ಮೋಟಾರೇ ಕೆಟ್ಟಿರಬಹುದು.

ತಡೆತಡೆದು ಓಡಿದರೆ

ನಮ್ಮ ಎರೆನೆಲದ ಧೂಳು ಎಂಜಿನ್ನಿಗೆ ದೊಡ್ಡ ಶತ್ರು. ಗಾಲಿಗೂ ಹಳಿಗೂ ನಡುವೆ ತೆಳುವಾದ ಧೂಳಿನ ಪದರ ಕೂತರೂ ವಿದ್ಯುತ್ತು ಕಡಿಯುತ್ತದೆ, ಎಂಜಿನ್ನು ಮುಗ್ಗರಿಸುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಳಿಯನ್ನೂ ಗಾಲಿಯನ್ನೂ ಒರೆಸಿದರೆ ಸಾಕು. ಉಪ್ಪುಕಾಗದದಿಂದ ಉಜ್ಜಬಾರದು, ಅದರಿಂದಾಗುವ ಗೀರುಗಳಲ್ಲಿ ಮತ್ತಷ್ಟು ಕೊಳೆ ಕೂರುತ್ತದೆ.

ಹೊಸ ಎಂಜಿನ್ನಿನ ಹಲ್ಲುಗಾಲಿಗಳು ಒಂದಕ್ಕೊಂದು ಒಗ್ಗಿರುವುದಿಲ್ಲ. ತಯಾರಕರ ಕೈಪಿಡಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ಡಬ್ಬಿಗಳನ್ನು ಕಟ್ಟದೆ ಸಾಧಾರಣ ವೇಗದಲ್ಲಿ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಬೇಕು. ಮೊದಲಿದ್ದ ಸದ್ದೂ ತೊಡರೂ ಬಹುಮಟ್ಟಿಗೆ ಇದರಿಂದಲೇ ಇಳಿಯುತ್ತವೆ. ಎಣ್ಣೆಯ ವಿಷಯದಲ್ಲಿ ಔದಾರ್ಯ ಸಲ್ಲದು. ಮನೆಯ ಕೊಬ್ಬರಿ ಎಣ್ಣೆ ಚಳಿಗಾಲದ ಮುಂಜಾನೆ ಹೆಪ್ಪುಗಟ್ಟುತ್ತದೆ. ಶೇಂಗಾ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ. ಪ್ಲಾಸ್ಟಿಕ್ಕಿಗೆ ಹಾನಿಮಾಡದ ತಿಳಿ ಯಂತ್ರದೆಣ್ಣೆಯನ್ನು ಸೂಜಿಯ ತುದಿಯಿಂದ ಇರಚಿಗೆ ಮುಟ್ಟಿಸಿದರೆ ಸಾಕು. ಗಾಲಿಯ ಅಂಚಿಗೆ ಹರಿದ ಎಣ್ಣೆಯಿಂದ ಗಾಲಿ ಜಾರುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ, ಧೂಳೂ ಅಂಟುತ್ತದೆ.

ಹಳಿ ತಪ್ಪಿದರೆ

ಪ್ರತಿಸಲವೂ ಒಂದೇ ಜಾಗದಲ್ಲಿ ಎಂಜಿನ್ನು ಹಳಿ ತಪ್ಪಿದರೆ ದೋಷ ಹಳಿಯದು. ಬೇರೆಬೇರೆ ಜಾಗಗಳಲ್ಲಿ ತಪ್ಪಿದರೆ ಎಂಜಿನ್ನಿನ ಗಾಲಿಗಳನ್ನು ಪರಿಶೀಲಿಸಬೇಕು. ತರಗತಿಯ ಎರಡು ಮೇಜುಗಳನ್ನು ಕೂಡಿಸಿದಾಗ ಸಂದಿನಲ್ಲಿ ಉಂಟಾಗುವ ಏರುತಗ್ಗೇ ಎಷ್ಟೋ ಸಲ ಕಾರಣವಾಗಿರುತ್ತದೆ. ತಿರುವು ಎಂಜಿನ್ನಿಗೆ ತಕ್ಕಷ್ಟು ಅಗಲವಾಗಿರಬೇಕು. ಬ್ರಿಟನ್ನಿನ ಅನೇಕ ದೊಡ್ಡ ಮಾದರಿಗಳಿಗೆ ಕನಿಷ್ಠ 438 ಮಿ.ಮೀ. ತ್ರಿಜ್ಯದ ತಿರುವು ಬೇಕಾಗುತ್ತದೆ. ಒಂದೇ ಅಚ್ಚಿನ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರ ತಯಾರಕರು ಹೇಳಿದಷ್ಟಿದೆಯೇ ಎಂಬುದನ್ನು ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬಹುದು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಳತೆಯ ಅಭ್ಯಾಸ ಬೇರಿಲ್ಲ.

ಬಿಚ್ಚದೆ ಹಿಂದಿರುಗಿಸಬೇಕಾದವು

ಗಾಲಿಯ ಪ್ರತಿ ಸುತ್ತಿಗೂ ಒಂದೇ ಕಡೆ ತೊಡರುವ ಉಗಿ ಎಂಜಿನ್ನಿನ ಮಾದರಿಯಲ್ಲಿ ಗಾಲಿಗಳ ಕೋನ ತಪ್ಪಿರುವ ಸಂಭವವುಂಟು. ಎರಡು ಸಿಲಿಂಡರಿನ ನಿಜವಾದ ಉಗಿ ಎಂಜಿನ್ನಿನಲ್ಲಿ ಎಡಬದಿಯ ಮತ್ತು ಬಲಬದಿಯ ಕ್ರ್ಯಾಂಕುಗಳು ಒಂದಕ್ಕೊಂದು 90 ಅಂಶ ವ್ಯತ್ಯಾಸದಲ್ಲಿರುತ್ತವೆ. ಇದರಿಂದ ಎಂಜಿನ್ನು ಎಲ್ಲಿಯೇ ನಿಂತರೂ ಮತ್ತೆ ಹೊರಡಲು ಒಂದು ಬದಿಯಾದರೂ ಬಲ ಕೊಡುತ್ತದೆ. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಹೋದ ಮಕ್ಕಳಿಗೆ ಈ ರಚನೆಯನ್ನು ನಿಜವಾದ ಎಂಜಿನ್ನುಗಳಲ್ಲಿಯೇ ತೋರಿಸಬಹುದು. ಮಾದರಿಯಲ್ಲಿ ಈ ಕೋನ ಒಂದು ಗಾಲಿಜೊತೆಗೂ ಇನ್ನೊಂದಕ್ಕೂ ಹೊಂದದಿದ್ದರೆ ಕೂಡುಸಲಾಕೆ ಬಿಗಿಯುತ್ತದೆ. ಇದನ್ನು ಕೈಯಿಂದ ತಿರುಚಿ ಸರಿಮಾಡಹೋಗಬಾರದು. ಸೀಳಿದ ಹಲ್ಲುಗಾಲಿ, ಸುಟ್ಟ ವಾಸನೆ, ಬರಿದೇ ಓಡುವಾಗಲೂ ಮುಟ್ಟಲಾಗದಷ್ಟು ಬಿಸಿ, ಇವೂ ಮಾರಿದವರೇ ಸರಿಪಡಿಸಿಕೊಡಬೇಕಾದ ದೋಷಗಳು. ಖಾತರಿಯ ಅವಧಿಯಲ್ಲಿ ಎಂಜಿನ್ನಿನ ಮೈಯನ್ನು ಬಿಚ್ಚಿದರೆ ಖಾತರಿಯೇ ತಪ್ಪೀತು. ಆದುದರಿಂದ ಮೊದಲು ಅದರ ಷರತ್ತನ್ನು ಓದಬೇಕು. ದೂರಿನ ಪತ್ರದಲ್ಲಿ ಕೋಪಕ್ಕಿಂತ ವಿವರ ಹೆಚ್ಚಿರಬೇಕು: ಕೊಂಡ ದಿನ, ಬಳಸಿದ ನಿಯಂತ್ರಕ, ಮಾಡಿದ ಪರೀಕ್ಷೆ, ಕಂಡ ಲಕ್ಷಣ.

ಶಾಲೆಯ ಕರ್ತವ್ಯ

ಒಂದು ನೋಟುಪುಸ್ತಕವನ್ನು ಎಂಜಿನ್ನಿನ ಹೆಸರಿನಲ್ಲಿಯೇ ಇಟ್ಟು, ಬಂದ ದಿನ, ಓಡಿದ ಅವಧಿ, ಕಂಡ ದೋಷ, ಕೊಟ್ಟ ಪರಿಹಾರಗಳನ್ನು ವಿದ್ಯಾರ್ಥಿಗಳ ಕೈಯಿಂದಲೇ ಬರೆಯಿಸುವುದು ಉಚಿತ. ದಾನಿಗಳು ಬಂದಾಗ ಆ ಪುಸ್ತಕವನ್ನು ಸಂಕೋಚವಿಲ್ಲದೆ ಮುಂದಿಡಬೇಕು. ಎಂಜಿನ್ನು ಕೆಲಕಾಲ ಕೆಟ್ಟಿತ್ತೆಂದು ಹೇಳುವುದು ಅವಮಾನವಲ್ಲ. ಕೆಟ್ಟುದನ್ನು ಬೀರುವಿನಲ್ಲಿ ಮರೆಮಾಡುವುದೇ ಕೊಟ್ಟವರಿಗೆ ಮಾಡುವ ಅಪಚಾರ.

ದೋಷವನ್ನು ಕಂಡು ಕೈಚೆಲ್ಲದೆ, ಇದು ಹಳಿಯದೋ, ವಿದ್ಯುತ್ತಿನದೋ, ಗಾಲಿಯದೋ ಎಂದು ಒಂದೊಂದಾಗಿ ವಿಚಾರಿಸುತ್ತ ಹೋದ ಬಾಲಕನಿಗೆ ಪ್ರಯೋಗವಿಧಾನದ ಅರ್ಥ ಪುಸ್ತಕದ ಸಹಾಯವಿಲ್ಲದೆಯೇ ತಿಳಿಯುತ್ತದೆ. ಮುಂದೊಂದು ದಿನ ಲಿಂಗಸುಗೂರಿನ ನಿಲ್ದಾಣದಲ್ಲಿ ರೈಲು ಬಂದು ನಿಂತಾಗ, ಹೀಗೆ ಕಲಿತವರು ಅದನ್ನು ಬೆರಗಿನಿಂದಷ್ಟೇ ಅಲ್ಲ, ತಿಳಿವಿನಿಂದಲೂ ನೋಡಬಲ್ಲರು.