ಪದವಿ ಇದೆ, ಪರವಾನಗಿ ಎಲ್ಲಿದೆ?

ನಮ್ಮಲ್ಲಿ ಎಂಜಿನಿಯರ್ ಎನ್ನುವುದು ಒಂದು ಪದವಿಯ ಹೆಸರು. ಬಿ.ಇ. ಮುಗಿಸಿದವನು ಅಂದಿನಿಂದಲೇ ಎಂಜಿನಿಯರ್. ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ಮನೆಯ ಗೇಟಿನ ನಾಮಫಲಕದಲ್ಲೂ ಆ ಪದ ಅವನ ಹೆಸರಿಗೆ ಅಂಟಿಕೊಂಡಿರುತ್ತದೆ. ಅದೇ ವ್ಯಕ್ತಿ ಕೆನಡಾಕ್ಕೆ ವಲಸೆ ಹೋಗಿ, ಅಲ್ಲಿನ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳದೆ ವಿಸಿಟಿಂಗ್ ಕಾರ್ಡಿನ ಮೇಲೆ ‘ಪ್ರೊಫೆಷನಲ್ ಎಂಜಿನಿಯರ್’ ಎಂದು ಅಚ್ಚು ಹಾಕಿಸಿಕೊಂಡರೆ ಅದು ಅಪರಾಧ. ಅಲ್ಲಿ ಎಂಜಿನಿಯರ್ ಎಂಬುದು ಓದಿನ ಕುರುಹಾಗಿರದೆ ಹೊಣೆಗಾರಿಕೆಯ ಕುರುಹಾಗಿದೆ. ಈ ವ್ಯತ್ಯಾಸ ಬಹುತೇಕರಿಗೆ ತಿಳಿಯುವುದು ವಿಮಾನ ಇಳಿದ ಮೇಲೆಯೇ.

ಗೊಂದಲದ ಮೂಲ ವಲಸೆಯ ವ್ಯವಸ್ಥೆಯಲ್ಲೇ ಇದೆ. 2015ರಿಂದ ಜಾರಿಯಲ್ಲಿರುವ ‘ಎಕ್ಸ್‌ಪ್ರೆಸ್ ಎಂಟ್ರಿ’ ಪದ್ಧತಿಯಡಿ ಕೆನಡಾದ ಕೇಂದ್ರ ಸರ್ಕಾರ ಅರ್ಜಿದಾರರ ವಯಸ್ಸು, ಭಾಷಾ ಜ್ಞಾನ, ವಿದ್ಯಾರ್ಹತೆ, ಅನುಭವಗಳಿಗೆ ಅಂಕ ಕೊಡುತ್ತದೆ. ನಮ್ಮ ಬಿ.ಇ. ಪದವಿಯು ಕೆನಡಾದ ಸ್ನಾತಕ ಪದವಿಗೆ ಸಮಾನವೆಂದು ಅರ್ಹತಾ ಮೌಲ್ಯಮಾಪನ ಸಂಸ್ಥೆಯೊಂದು ಪತ್ರ ಕೊಟ್ಟರೆ ಅದಕ್ಕೂ ಅಂಕ ಸೇರುತ್ತದೆ. ಆ ಪತ್ರ ಕೈಗೆ ಬಂದವರು ತಮ್ಮ ವೃತ್ತಿಗೂ ಮಾನ್ಯತೆ ಸಿಕ್ಕಿತೆಂದೇ ಭಾವಿಸುತ್ತಾರೆ. ಆದರೆ ಆ ಪತ್ರಕ್ಕೆ ಬೆಲೆಯಿರುವುದು ವಲಸೆ ಇಲಾಖೆಯಲ್ಲಿ ಮಾತ್ರ. ವೃತ್ತಿಯ ಪರವಾನಗಿ ಪ್ರಾಂತ್ಯಗಳ ಕೈಯಲ್ಲಿದೆ. ಒಂಟಾರಿಯೊದಲ್ಲಿ ಅದನ್ನು ಕೊಡುವುದು 1922ರಲ್ಲಿ ಸ್ಥಾಪನೆಯಾದ ‘ಪ್ರೊಫೆಷನಲ್ ಎಂಜಿನಿಯರ್ಸ್ ಒಂಟಾರಿಯೊ’ ಎಂಬ ಸಂಸ್ಥೆ. ದೇಶ ‘ಬನ್ನಿ’ ಎಂದದ್ದನ್ನು ಕೇಳಿ ಹೊರಟವರಿಗೆ ಪ್ರಾಂತ್ಯ ‘ಸ್ವಲ್ಪ ತಾಳಿ’ ಎನ್ನುತ್ತದೆ. ಆ ‘ಸ್ವಲ್ಪ’ ಕೆಲವರ ಪಾಲಿಗೆ ಹಲವು ವರ್ಷಗಳಾಗುತ್ತದೆ. ಅಷ್ಟರಲ್ಲಿ ಗೋದಾಮು, ಟ್ಯಾಕ್ಸಿ, ಪೆಟ್ರೋಲ್ ಬಂಕುಗಳ ದುಡಿಮೆಯೇ ಜೀವನವಾಗಿಬಿಟ್ಟಿರುತ್ತದೆ.

ಇದೆಲ್ಲ ಹೊರಗಿನವರನ್ನು ದೂರವಿಡಲು ಕಟ್ಟಿದ ಗೋಡೆ ಎಂದು ಸಿಟ್ಟಾಗುವ ಮುನ್ನ ಅದರ ಹಿಂದಿರುವ ಚರಿತ್ರೆಯನ್ನೂ ನೋಡಬೇಕು. 1907ರ ಆಗಸ್ಟ್ 29ರಂದು ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿದು 75 ಕಾರ್ಮಿಕರು ಸತ್ತರು. ಉಕ್ಕಿನ ಭಾಗಗಳು ಬಾಗತೊಡಗಿದ್ದು ಸ್ಥಳದಲ್ಲಿದ್ದವರ ಕಣ್ಣಿಗೆ ಬಿದ್ದಿತ್ತು. ಕೆಲಸ ನಿಲ್ಲಿಸುವ ತೀರ್ಮಾನ ಮಾತ್ರ ಸಕಾಲಕ್ಕೆ ಆಗಲಿಲ್ಲ. ಸೇತುವೆಯ ತೂಕದ ಲೆಕ್ಕದಲ್ಲೇ ತಪ್ಪಿತ್ತೆಂದು ತನಿಖೆ ಹೇಳಿತು. ಮರಳಿ ಕಟ್ಟುವಾಗ, 1916ರಲ್ಲಿ, ಮಧ್ಯದ ಭಾಗವನ್ನು ಮೇಲೆತ್ತುತ್ತಿದ್ದಾಗ ಅದು ನದಿಗೆ ಬಿದ್ದು ಇನ್ನೂ 13 ಮಂದಿ ಪ್ರಾಣ ಕಳೆದುಕೊಂಡರು. ಕೆನಡಾದ ಪ್ರಾಂತ್ಯಗಳಲ್ಲಿ ಎಂಜಿನಿಯರುಗಳ ನೋಂದಣಿಯ ಕಾನೂನುಗಳು ಒಂದರ ಹಿಂದೊಂದು ಬಂದದ್ದು ಆ ನಂತರದ ವರ್ಷಗಳಲ್ಲಿ. ಅಲ್ಲಿನ ಎಂಜಿನಿಯರಿಂಗ್ ಪದವೀಧರರು ಕಿರುಬೆರಳಿಗೆ ತೊಡುವ ಕಬ್ಬಿಣದ ಉಂಗುರದ ಸಂಪ್ರದಾಯ 1925ರಲ್ಲಿ ಶುರುವಾಯಿತು. ಆ ಉಂಗುರವನ್ನು ಕುಸಿದ ಸೇತುವೆಯ ಕಬ್ಬಿಣದಿಂದಲೇ ಮಾಡಿದ್ದೆಂಬ ಕಥೆ ಜನಪ್ರಿಯ. ಅದು ಕಥೆಯಷ್ಟೆ.

ಗೋಡೆಗೆ ಕಾರಣವಿತ್ತು ಎಂದಮಾತ್ರಕ್ಕೆ ಅದರ ಪ್ರತಿಯೊಂದು ಇಟ್ಟಿಗೆಯೂ ನ್ಯಾಯವಾದುದೆಂದು ಹೇಳಲಾಗದು. ಒಂಟಾರಿಯೊದಲ್ಲಿ ಪರವಾನಗಿ ಬೇಕಾದವರು ನಾಲ್ಕು ವರ್ಷಗಳ ಅನುಭವ ತೋರಿಸಬೇಕಿತ್ತು. ಅದರಲ್ಲಿ ಕನಿಷ್ಠ ಒಂದು ವರ್ಷ ಕೆನಡಾದಲ್ಲೇ, ಪರವಾನಗಿ ಪಡೆದ ಎಂಜಿನಿಯರ್ ಒಬ್ಬರ ಕೈಕೆಳಗೆ ಗಳಿಸಿದ್ದಾಗಿರಬೇಕಿತ್ತು. ಪರವಾನಗಿಯಿಲ್ಲದೆ ಕೆಲಸ ಸಿಗದು, ಕೆಲಸವಿಲ್ಲದೆ ಪರವಾನಗಿ ಸಿಗದು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎನ್ನುವ ನಮ್ಮ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ನಿಯಮಾವಳಿಗೆ ಇಳಿಸಿದ ಉದಾಹರಣೆ ಬೇರೆ ಸಿಗಲಾರದು. ಈ ‘ಸ್ಥಳೀಯ ಅನುಭವ’ದ ಷರತ್ತನ್ನು ಒಂಟಾರಿಯೊ 2023ರ ಮೇ ತಿಂಗಳಲ್ಲಿ ಕೈಬಿಟ್ಟಿತು. 2021ರಲ್ಲಿ ಪ್ರಾಂತ್ಯದ ಶಾಸನಸಭೆ ಮಾಡಿದ ಕಾಯ್ದೆಯ ಒತ್ತಡ ಅದರ ಹಿಂದಿತ್ತು. ಅಲ್ಲಿರುವ ಭಾರತೀಯರು ಸಂಭ್ರಮಿಸಿದ್ದು ಸಹಜ.

ಆದರೆ ಉಳಿದ ಷರತ್ತುಗಳು ಹಾಗೆಯೇ ಇವೆ. ನಾಲ್ಕು ವರ್ಷಗಳ ಅನುಭವವನ್ನು ಈಗಲೂ ರುಜುವಾತುಪಡಿಸಬೇಕು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡಿದ ಕೆಲಸವನ್ನು ಅದಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಯಾವ ವಿನ್ಯಾಸವನ್ನು ನೀವು ಸ್ವತಃ ಮಾಡಿದಿರಿ, ಯಾವ ಲೆಕ್ಕವನ್ನು ಯಾರು ಪರಿಶೀಲಿಸಿದರು, ಅಪಾಯದ ಸಾಧ್ಯತೆಯನ್ನು ಹೇಗೆ ಅಂದಾಜು ಮಾಡಿದಿರಿ ಎಂದು ಒಂದೊಂದಾಗಿ ಬರೆಯಬೇಕು. ಅದನ್ನು ಕಣ್ಣಾರೆ ಕಂಡ ಮೇಲಧಿಕಾರಿ, ಸಾಧ್ಯವಾದರೆ ವೃತ್ತಿಪರ ನೋಂದಣಿ ಇರುವವರು, ದೃಢೀಕರಿಸಬೇಕು. ನಮ್ಮವರು ಎಡವುವುದು ಇಲ್ಲಿ. ನಮ್ಮ ಕಂಪನಿಗಳು ಕೆಲಸ ಬಿಡುವಾಗ ಕೊಡುವ ಅನುಭವ ಪತ್ರದಲ್ಲಿ ಮೂರೇ ಸಂಗತಿ ಇರುತ್ತವೆ: ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು. ಕೊನೆಗೆ, ಅವರ ನಡತೆ ಉತ್ತಮವಾಗಿತ್ತು ಎಂಬ ಒಂದು ಸಾಲು. ಹತ್ತು ವರ್ಷ ಸೇತುವೆ ಕಟ್ಟಿದವನ ಬಳಿಯೂ ಅಷ್ಟೇ, ಹತ್ತು ವರ್ಷ ಕುರ್ಚಿ ಬಿಸಿ ಮಾಡಿದವನ ಬಳಿಯೂ ಅಷ್ಟೇ. ಮೇಲಧಿಕಾರಿ ನಿವೃತ್ತರಾಗಿರುತ್ತಾರೆ, ಗುತ್ತಿಗೆದಾರ ಸಂಸ್ಥೆ ಬಾಗಿಲು ಹಾಕಿರುತ್ತದೆ. ಇನ್ನು ಆ ಮೇಲಧಿಕಾರಿಯ ನೋಂದಣಿ ಸಂಖ್ಯೆ ಯಾವುದು ಎಂದು ಕೇಳಿದರೆ ಉತ್ತರವೇ ಇಲ್ಲ. ಏಕೆಂದರೆ ಅಂಥ ಕಡ್ಡಾಯ ನೋಂದಣಿಯೇ ಈ ದೇಶದಲ್ಲಿಲ್ಲ.

ಅನುಭವದ ಕಥೆ ಹೀಗಾದರೆ, ಪದವಿಯ ಕಥೆ ಇನ್ನಷ್ಟು ಸೂಕ್ಷ್ಮ. 1989ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಎಂಜಿನಿಯರಿಂಗ್ ಸಂಸ್ಥೆಗಳು ಪರಸ್ಪರರ ಪದವಿಗಳನ್ನು ಸಮಾನವೆಂದು ಒಪ್ಪುವ ‘ವಾಷಿಂಗ್ಟನ್ ಒಪ್ಪಂದ’ ಮಾಡಿಕೊಂಡವು. ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, 2014ರ ಜೂನ್‌ನಲ್ಲಿ ಅದರ ಕಾಯಂ ಸದಸ್ಯನಾಯಿತು. ಭಾರತದ ಎಂಜಿನಿಯರಿಂಗ್ ಪದವಿಗೆ ಜಗತ್ತಿನ ಮಾನ್ಯತೆ ಸಿಕ್ಕಿತೆಂದು ಆಗ ಪತ್ರಿಕೆಗಳೆಲ್ಲ ಬರೆದವು. ಆ ಸಂತೋಷದಲ್ಲಿ ಸಣ್ಣಕ್ಷರದ ಷರತ್ತುಗಳು ಯಾರ ಕಣ್ಣಿಗೂ ಬೀಳಲಿಲ್ಲ. ಒಪ್ಪಂದ ಅನ್ವಯಿಸುವುದು ಎನ್‌ಬಿಎಯ ‘ಟಿಯರ್ ಒಂದು’ ಶ್ರೇಣಿಯಲ್ಲಿ ಮಾನ್ಯತೆ ಪಡೆದ ಕೋರ್ಸುಗಳಿಗೆ. ವಿಶ್ವವಿದ್ಯಾಲಯಗಳು ಮತ್ತು ಸ್ವಾಯತ್ತ ಕಾಲೇಜುಗಳು ಆ ಶ್ರೇಣಿಗೆ ಅರ್ಜಿ ಹಾಕುತ್ತವೆ. ವಿಶ್ವವಿದ್ಯಾಲಯವೊಂದಕ್ಕೆ ಸಂಯೋಜಿತವಾಗಿದ್ದು ಸ್ವಾಯತ್ತವಲ್ಲದ ಕಾಲೇಜು ‘ಟಿಯರ್ ಎರಡು’ ಶ್ರೇಣಿಗೆ ಸೇರುತ್ತದೆ. ಆ ಮಾನ್ಯತೆ ದೇಶದೊಳಗೆ ಸಲ್ಲುತ್ತದೆಯೇ ಹೊರತು ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕರ್ನಾಟಕದ ಜಿಲ್ಲೆ ತಾಲ್ಲೂಕುಗಳಲ್ಲಿ ತಲೆಯೆತ್ತಿದ ಸಂಯೋಜಿತ ಕಾಲೇಜುಗಳನ್ನು ನೆನೆದರೆ ಈ ಮಾತಿನ ತೂಕ ಅರಿವಾದೀತು. ಇಬ್ಬರಿಗೂ ಒಂದೇ ವಿಶ್ವವಿದ್ಯಾಲಯದ ಪದವಿ ಪ್ರಮಾಣಪತ್ರ. ಮೆಲ್ಬರ್ನ್‌ನಲ್ಲಿ ಒಬ್ಬನದು ನೇರ ದಾರಿ, ಇನ್ನೊಬ್ಬನದು ಸುತ್ತುದಾರಿ. ಮಾನ್ಯತೆ ಸಿಗುವುದು ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಅದೂ ಕೆಲವು ವರ್ಷಗಳ ಅವಧಿಗೆ ಮಾತ್ರ. ಒಂದೇ ಕಟ್ಟಡದಲ್ಲಿ ಸಿವಿಲ್ ವಿಭಾಗಕ್ಕೆ ಮಾನ್ಯತೆ ಇದ್ದು ಪಕ್ಕದ ಮೆಕ್ಯಾನಿಕಲ್ ವಿಭಾಗಕ್ಕೆ ಇಲ್ಲದಿರಬಹುದು. ಕಾಲೇಜಿನ ದ್ವಾರದ ಮೇಲಿನ ‘ಎನ್‌ಬಿಎ ಮಾನ್ಯತೆ ಪಡೆದಿದೆ’ ಎಂಬ ಫಲಕ ಇದಾವುದನ್ನೂ ಹೇಳುವುದಿಲ್ಲ. ಟಿಯರ್ ಒಂದರ ಪದವಿಯೂ ಓದನ್ನಷ್ಟೇ ಸಮಾನಗೊಳಿಸುತ್ತದೆ, ಪರವಾನಗಿಯನ್ನು ಕೈಗಿಡುವುದಿಲ್ಲ.

ಈ ಸೂಕ್ಷ್ಮಗಳಿಗೆ ಬೆಲೆ ತೆರಬೇಕಾಗಿ ಬಂದದ್ದು ಕೊಲ್ಲಿಯಲ್ಲಿ. 2018ರಲ್ಲಿ ಕುವೈತ್ ಸರ್ಕಾರವು ವಿದೇಶಿ ಎಂಜಿನಿಯರುಗಳ ವಾಸದ ಪರವಾನಗಿ ನವೀಕರಣಕ್ಕೆ ಕುವೈತ್ ಎಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರವನ್ನು ಕಡ್ಡಾಯ ಮಾಡಿತು. ಭಾರತೀಯರ ವಿಷಯದಲ್ಲಿ ಆ ಸಂಘ ಎನ್‌ಬಿಎ ಮಾನ್ಯತೆಯನ್ನೇ ಅಳತೆಗೋಲಾಗಿ ಹಿಡಿಯಿತು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮೊದಲು ಪದವಿ ಪಡೆದು, ಇಪ್ಪತ್ತು ಮೂವತ್ತು ವರ್ಷ ಆ ಮರಳುಗಾಡಿನಲ್ಲಿ ತೈಲ ಸ್ಥಾವರಗಳನ್ನೂ ರಸ್ತೆಗಳನ್ನೂ ಕಟ್ಟಿದ ಹಿರಿಯರು ತಾವು ಓದುವಾಗ ಅಸ್ತಿತ್ವದಲ್ಲೇ ಇಲ್ಲದ ಸಂಸ್ಥೆಯೊಂದರ ಮುದ್ರೆಯನ್ನು ಎಲ್ಲಿಂದ ತರಬೇಕಿತ್ತು? ಎನ್‌ಬಿಎ ಮಾನ್ಯತೆ ಸ್ವಯಂಪ್ರೇರಿತ ವ್ಯವಸ್ಥೆಯಾದ್ದರಿಂದ ಹೆಸರಾಂತ ಸಂಸ್ಥೆಗಳಲ್ಲಿ ಓದಿದವರೂ ಪಟ್ಟಿಯಿಂದ ಹೊರಗುಳಿದರು. ಸಾವಿರಾರು ಕುಟುಂಬಗಳು ಅನಿಶ್ಚಿತತೆಯಲ್ಲಿ ಬಿದ್ದವು. ಕರಾವಳಿಯ ಉಡುಪಿ, ಮಂಗಳೂರು ಕಡೆಯ ಅನೇಕ ಮನೆಗಳಿಗೆ ಕುವೈತ್ ದೂರದ ದೇಶವೇನಲ್ಲ. ಆ ತಿಂಗಳುಗಳ ಆತಂಕ ಅಲ್ಲೂ ಮುಟ್ಟಿತ್ತು. ಭಾರತ ಸರ್ಕಾರ ವಿಷಯವನ್ನು ಕುವೈತ್ ಸರ್ಕಾರದ ಮುಂದಿಟ್ಟಿತು, ಸಂಸತ್ತಿನಲ್ಲಿ ಪ್ರಶ್ನೆಗಳೂ ಬಂದವು. ಅಷ್ಟರಲ್ಲಿ ಕೆಲವರು ಉಳಿಯುವ ಸಲುವಾಗಿ ದಾಖಲೆಯಲ್ಲಿ ತಮ್ಮ ಹುದ್ದೆಯ ಹೆಸರನ್ನೇ ಬದಲಿಸಿಕೊಂಡಿದ್ದರು. ಜೀವಮಾನವಿಡೀ ಎಂಜಿನಿಯರ್ ಆಗಿದ್ದವನು ಕಾಗದದಲ್ಲಿ ಮೇಲ್ವಿಚಾರಕನಾಗಿ ಇಳಿಯುವುದು ಸಣ್ಣ ಅವಮಾನವಲ್ಲ.

ಆಸ್ಟ್ರೇಲಿಯಾದ ದಾರಿ ಬೇರೆ, ಅಲ್ಲಿನ ಅಪಾಯವೂ ಬೇರೆ. ವಲಸೆಗಾಗಿ ಎಂಜಿನಿಯರುಗಳ ಕೌಶಲವನ್ನು ಅಳೆಯುವ ಅಧಿಕಾರವನ್ನು ಆ ದೇಶ ‘ಎಂಜಿನಿಯರ್ಸ್ ಆಸ್ಟ್ರೇಲಿಯಾ’ ಸಂಸ್ಥೆಗೆ ಕೊಟ್ಟಿದೆ. ವಾಷಿಂಗ್ಟನ್ ಒಪ್ಪಂದದ ವ್ಯಾಪ್ತಿಗೆ ಬಾರದ ಪದವೀಧರರು ತಮ್ಮ ಕೆಲಸದ ಮೂರು ಪ್ರಸಂಗಗಳನ್ನು ಸ್ವತಃ ಬರೆದು ಸಾಮರ್ಥ್ಯ ನಿರೂಪಿಸಬೇಕು. ‘ನಾನು ಮಾಡಿದೆ’ ಎಂದು ಬರೆಯಬೇಕು. ‘ನಾವು ಮಾಡಿದೆವು’ ಎಂದರೆ ನಡೆಯದು. ವಿನಯವನ್ನೇ ಸದ್ಗುಣವೆಂದು ಕಲಿಸಿದ ನಮ್ಮ ಸಂಸ್ಕೃತಿಗೆ ಇದು ತುಸು ಕಷ್ಟವೇ. ಆ ಕಷ್ಟವನ್ನೇ ಬಂಡವಾಳ ಮಾಡಿಕೊಂಡು ಹಣಕ್ಕೆ ವರದಿ ಬರೆದುಕೊಡುವ ಏಜೆಂಟರು ಹುಟ್ಟಿಕೊಂಡಿದ್ದಾರೆ. ಒಂದೇ ಪ್ರಸಂಗವನ್ನು ಹಲವರಿಗೆ ಮಾರುವುದೂ ಉಂಟು. ನಕಲು ಪತ್ತೆಯಾದರೆ ಅರ್ಜಿ ತಿರಸ್ಕೃತವಾಗುತ್ತದೆ, ಮರು ಅರ್ಜಿಗೆ ನಿಷೇಧವೂ ಬೀಳಬಹುದು. ಶಿಕ್ಷೆ ಅರ್ಜಿದಾರನಿಗೆ, ಏಜೆಂಟ್ ಮರುದಿನ ಬೇರೆ ಹೆಸರಿನಲ್ಲಿ ಅಂಗಡಿ ತೆರೆಯುತ್ತಾನೆ.

ಈ ಕೌಶಲ ಮೌಲ್ಯಮಾಪನ, ಸಂಸ್ಥೆಯ ಸದಸ್ಯತ್ವ, ವೃತ್ತಿ ನೋಂದಣಿ ಮೂರೂ ಬೇರೆ ಬೇರೆ. ಎಂಜಿನಿಯರ್ಸ್ ಆಸ್ಟ್ರೇಲಿಯಾದ ಮೌಲ್ಯಮಾಪನ ಪತ್ರ ವೀಸಾಕ್ಕೆ ಸಾಕು. ಸದಸ್ಯತ್ವಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಆದರೆ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ವೃತ್ತಿಪರ ಎಂಜಿನಿಯರಿಂಗ್ ಸೇವೆ ಕೊಡಬೇಕಾದರೆ ಅಲ್ಲಿನ 2002ರ ಕಾಯ್ದೆಯಂತೆ ನೋಂದಾಯಿಸಿಕೊಳ್ಳಬೇಕು, ಇಲ್ಲವೇ ನೋಂದಾಯಿತರ ನೇರ ಮೇಲ್ವಿಚಾರಣೆಯಲ್ಲಿ ದುಡಿಯಬೇಕು. ವಿಕ್ಟೋರಿಯಾ ರಾಜ್ಯವೂ 2019ರಲ್ಲಿ ಇಂಥದೇ ಕಾಯ್ದೆ ಮಾಡಿತು. ಬ್ರಿಟನ್‌ನಲ್ಲಾದರೆ ಎಂಜಿನಿಯರ್ ಎಂದು ಯಾರು ಬೇಕಾದರೂ ಕರೆದುಕೊಳ್ಳಬಹುದು, ‘ಚಾರ್ಟರ್ಡ್ ಎಂಜಿನಿಯರ್’ ಎಂದು ಕರೆದುಕೊಳ್ಳಲು ಮಾತ್ರ ನೋಂದಣಿ ಬೇಕು. ಮೂರನ್ನೂ ಒಂದೇ ಎಂದು ತಿಳಿದು ಸದಸ್ಯತ್ವದ ಶುಲ್ಕ ಕಟ್ಟಿ ನಿಶ್ಚಿಂತರಾದವರು ನಂತರ ಪೇಚಿಗೆ ಸಿಲುಕುತ್ತಾರೆ.

ಸಾಫ್ಟ್‌ವೇರ್ ಕ್ಷೇತ್ರದವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಹುದು. ಬಹುಮಟ್ಟಿಗೆ ಅದು ನಿಜ. ಆದರೂ ಕೆನಡಾದ ಆಲ್ಬರ್ಟಾದಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಬಿರುದಿನ ಮೇಲೆಯೇ ನಿಯಂತ್ರಣ ಸಂಸ್ಥೆಗೂ ಕಂಪನಿಗಳಿಗೂ ಜಟಾಪಟಿ ನಡೆದು, 2023ರಲ್ಲಿ ಪ್ರಾಂತ್ಯ ಸರ್ಕಾರ ಕಾನೂನು ತಿದ್ದಿ ಆ ಪದಕ್ಕೆ ವಿನಾಯಿತಿ ಕೊಡಬೇಕಾಯಿತು. ಬೆಂಗಳೂರಿನಲ್ಲಿ ಈ ಸುದ್ದಿ ಓದಿದವರು ನಕ್ಕಿರಬೇಕು.

ಹೊರದೇಶಗಳ ನಿಯಮಗಳನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದನ್ನಾದರೂ ಮಾಡಿದ್ದೇವೆಯೇ? ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆ ಇದೆ, ವಕೀಲರಿಗೆ 1961ರದು, ವಾಸ್ತುಶಿಲ್ಪಿಗಳಿಗೆ 1972ರದು. ಎಂಜಿನಿಯರುಗಳಿಗೆ ಅಂಥ ರಾಷ್ಟ್ರೀಯ ಕಾಯ್ದೆ ಇಲ್ಲ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ‘ಚಾರ್ಟರ್ಡ್ ಎಂಜಿನಿಯರ್’ ಪತ್ರ ಕೊಡುತ್ತದೆ, ಅದು ಇಚ್ಛೆಯುಳ್ಳವರಿಗೆ. ಕಟ್ಟಡದ ನಕ್ಷೆಗೆ ಸಹಿ ಹಾಕುವವರಿಗೆ ನಗರಪಾಲಿಕೆಗಳು ತಮ್ಮ ಬೈಲಾದಂತೆ ಪರವಾನಗಿ ಕೊಡುತ್ತವೆ. ಅದು ಆ ಊರಿಗಷ್ಟೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತಾಗ ಪೊಲೀಸರು ಮೊಕದ್ದಮೆ ಹೂಡಿದರು. ಅಂಥ ದುರಂತಕ್ಕೆ ಎಂಜಿನಿಯರ್ ಒಬ್ಬನ ಅಲಕ್ಷ್ಯ ಕಾರಣವೆಂದು ಸಾಬೀತಾದರೆ ನ್ಯಾಯಾಲಯ ಶಿಕ್ಷೆ ಕೊಡಬಹುದು. ಶಿಕ್ಷೆ ಮುಗಿಸಿ ಬಂದವನು ಬೇರೊಂದು ಊರಿನಲ್ಲಿ ಮತ್ತೆ ಎಂಜಿನಿಯರ್ ಎಂದು ಫಲಕ ತೂಗುಹಾಕಿದರೆ ತಡೆಯಲು, ಹೆಸರು ಅಳಿಸಲು, ದೇಶಕ್ಕೆ ಅನ್ವಯವಾಗುವ ಒಂದು ಪಟ್ಟಿಯೇ ಇಲ್ಲ. ವಲಸೆ ಹೋಗುವವನಿಗೆ ಅನುಭವದ ದಾಖಲೆ ಸಿಗದಿರುವುದಕ್ಕೂ ಇಲ್ಲೇ ಉಳಿದವರಿಗೆ ಸುರಕ್ಷಿತ ಕಟ್ಟಡದ ಖಾತರಿ ಸಿಗದಿರುವುದಕ್ಕೂ ಕಾರಣ ಒಂದೇ.

2025ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ವೃತ್ತಿಪರ ಎಂಜಿನಿಯರುಗಳ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ನೋಂದಣಿಗಾಗಿ ರಾಷ್ಟ್ರೀಯ ಮಂಡಳಿಯೊಂದು ಅದರ ಮುಖ್ಯ ಪ್ರಸ್ತಾಪ. ಇಂಥ ಕರಡುಗಳು ಹಿಂದೆಯೂ ಬಂದು ಕಡತದಲ್ಲೇ ಉಳಿದದ್ದರಿಂದ ಬಹಳ ಉತ್ಸಾಹ ಬೇಡ. ಮಸೂದೆಗೆ ಕಾಯದೆಯೇ ರಾಜ್ಯ ಮಾಡಬಹುದಾದ ಕೆಲಸ ಒಂದಿದೆ. ಸಿಇಟಿ ಬರೆದ ಮಕ್ಕಳು ಕಾಲೇಜು ಆಯ್ದುಕೊಳ್ಳುವಾಗ ನೋಡುವ ಸೀಟುಗಳ ಪಟ್ಟಿಯಲ್ಲಿ, ಶುಲ್ಕದ ಪಕ್ಕದಲ್ಲೇ, ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ, ಯಾವ ಟಿಯರ್, ಯಾವ ವರ್ಷದವರೆಗೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು. ಅದಕ್ಕೆ ಬೇಕಿರುವುದು ಒಂದು ಸುತ್ತೋಲೆ ಮತ್ತು ಮೂರು ಕಾಲಂ.