ಕಾಣದ ಬಿಸಿಲು

ಬಳ್ಳಾರಿ ಸೀಮೆಯವರಿಗೆ ಬಿಸಿಲಿನ ವಿಷಯವನ್ನು ಯಾರೂ ಬೋಧಿಸಬೇಕಾಗಿಲ್ಲ. ಸಿರುಗುಪ್ಪದ ಕಡೆಯ ಕರೂರಿನಲ್ಲಿ, ಬೇಸಗೆಯ ಹೊತ್ತು ಮುಳುಗಿದ ಮೇಲೆ, ಜಗುಲಿಯ ಕಲ್ಲಿನ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟುವ ಮೊದಲೇ ಅದರ ಕಾವು ಕೈಗೆ ತಾಗುತ್ತದೆ. ಬೆಳಕಿಲ್ಲ, ಬಿಸಿಯುಂಟು. ಕಣ್ಣಿಗೆ ಕಾಣದ ಈ ಬೆಳಕನ್ನೇ ವಿಜ್ಞಾನಿಗಳು ಅವಕೆಂಪು ಕಿರಣವೆನ್ನುತ್ತಾರೆ.

ಇದನ್ನು ಗುರುತಿಸಿದಾತ ಸಂಗೀತಗಾರನಾಗಿದ್ದು ಖಗೋಳಜ್ಞನಾದ ವಿಲಿಯಂ ಹರ್ಷೆಲ್. 1800ರಲ್ಲಿ ಆತನು ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವನ್ನಿಟ್ಟನು. ಕೆಂಪಿನಾಚೆ, ಏನೂ ಕಾಣದೆಡೆಯಲ್ಲಿ, ಪಾದರಸ ಇನ್ನೂ ಮೇಲೇರಿತು!

ಆ ಕಿರಣವೇ ಇಂದು ದೀಪದ ರೂಪದಲ್ಲಿ ಚಿಕಿತ್ಸೆಗೆ ಬಂದಿದೆ. ಭತ್ತದ ನಾಟಿಗೆ ಬಗ್ಗಿ ಬಗ್ಗಿ ಸೊಂಟ ಸೋತ ನಮ್ಮ ದೊಡ್ಡವ್ವನಿಗೆ ಪಟ್ಟಣದಲ್ಲಿ ಈ ಶಾಖ ಕೊಟ್ಟರು. ಕಾವಿಗೆ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲುತ್ತದೆ, ನೋವು ತಗ್ಗುತ್ತದೆ. ನೋವಿನ ಮೂಲ ಅಳಿಯದಿದ್ದರೂ ಆಕೆಗೆ ನಿದ್ದೆಯೇನೋ ಬಂತು. ಓದಿದವನೆಂಬ ಹೆಮ್ಮೆಯಿಂದ ನಾನೊಂದು ದೀಪವನ್ನು ಕೊಂಡು ತಂದೆ. ಒಂದು ಸಂಜೆ ಆಕೆಯ ಪಾದಕ್ಕೂ ಅದನ್ನು ಹಿಡಿದೆ.

“ತಮ್ಮಾ, ಬಿಸಿ ಗೊತ್ತಾಗವಲ್ದು. ಇನ್ನೊಂಚೂರು ಹತ್ರ ತಾ,” ಎಂದಳು. ತಂದೆ. ಮರುದಿನ ಪಾದದ ತುಂಬ ಬೊಕ್ಕೆ. ಸಕ್ಕರೆ ಕಾಯಿಲೆ ಆಕೆಯ ಪಾದದ ಸ್ಪರ್ಶವನ್ನು ಎಂದೋ ಕದ್ದೊಯ್ದಿತ್ತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ತಪ್ಪು ದೀಪದ್ದಲ್ಲ, ನನ್ನದು.

ಚರ್ಮದ ಕಾಂತಿಗೆಂದು ಮಾರುವ ದೀಪಗಳದು ಬೇರೆಯೇ ಕಥೆ. 1967ರಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್, ಮಂದವಾದ ಕೆಂಪು ಲೇಸರ್ ಬಿದ್ದ ಇಲಿಗಳ ಬೋಳಿಸಿದ ಮೈಯಲ್ಲಿ ಕೂದಲು ಬೇಗ ಬೆಳೆದುದನ್ನು ಕಂಡನು. ಜೀವಕೋಶದೊಳಗೆ ಶಕ್ತಿಯನ್ನು ಉತ್ಪಾದಿಸುವ ಮೈಟೋಕಾಂಡ್ರಿಯಗಳು ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರುತ್ತವೆಂಬುದು ಇದಕ್ಕೆ ಈಗ ಹೇಳುವ ವಿವರಣೆ. ಗಾಯ ಮಾಯುವಲ್ಲಿ, ಸುಕ್ಕು ತಗ್ಗುವಲ್ಲಿ ಕೊಂಚ ಗುಣವು ಕಂಡುಬಂದಿದೆ. ಆದರೆ ಫಲವು ಪ್ರಮಾಣವನ್ನು ಅವಲಂಬಿಸಿದೆ. ಹೆಚ್ಚಾದರೆ ಗುಣವೇ ಕುಂದೀತು. ಜಾಹೀರಾತಾದರೋ ಪ್ರಯೋಗಶಾಲೆಗಿಂತ ಮುಂದೆ ಓಡುತ್ತದೆ. ಗದ್ದೆಯ ಬಿಸಿಲಿನಲ್ಲಿ ದುಡಿಯುವ ಹೆಂಗಸರ ಕೆನ್ನೆಯ ಬಂಗು ಶಾಖದಿಂದ ಹೆಚ್ಚುವುದೂ ಉಂಟು. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪಡೆದ ಫಿನ್ಸೆನ್ನನ ಹೆಸರನ್ನು ಇಲ್ಲಿ ಎಳೆದು ತರುವುದೂ ಸಲ್ಲದು. ಆತನು ನೆಚ್ಚಿದ್ದು ಬಣ್ಣಗಳ ಸಾಲಿನ ನೇರಿಳೆಯ ತುದಿಯ ಕಿರಣಗಳನ್ನು, ಇದು ಕೆಂಪಿನಾಚೆಯದು.

ಹಾಗೆಂದು ದೀಪವನ್ನು ದೂರಬೇಕಾಗಿಲ್ಲ. ಬಲ್ಲವರ ಕೈಯಲ್ಲಿ, ತಕ್ಕ ದೂರದಲ್ಲಿ, ಹತ್ತು ಹದಿನೈದು ನಿಮಿಷ ಅದು ನೋವಿಗೆ ನೆರವಾಗಬಲ್ಲದು. ಅದಕ್ಕೆ ಮೊದಲು ಕಣ್ಣು ಮುಚ್ಚಿಸಿ, ಶಾಖ ಕೊಡುವೆಡೆಗೆ ಬೆಚ್ಚಗಿನದನ್ನೂ ತಣ್ಣಗಿನದನ್ನೂ ಒಂದೊಂದಾಗಿ ತಾಗಿಸಿ ಯಾವುದು ಯಾವುದೆಂದು ತಿಳಿಯಿತೇ ಎಂದು ಕೇಳಬೇಕು. ತಿಳಿಯದೆಂದರೆ ಶಾಖವನ್ನು ಬದಿಗಿಟ್ಟು ವೈದ್ಯರಲ್ಲಿಗೆ ನಡೆಯಬೇಕು. ಈ ಚಿಕ್ಕ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ದೊಡ್ಡವ್ವ ಈಗ ಜಗುಲಿಯ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು, ಪಾದಗಳನ್ನು ನೆರಳಿಗೆ ಎಳೆದುಕೊಂಡು ಕೂರುತ್ತಾಳೆ.