ಠಕ್ಕರ ಹೆಸರು ಹೊತ್ತ ಒಂದೇ ಒಂದು ಆಲ್ಬಂ



ಮನೆಯ ಹುಡುಗರ ಬಾಯಲ್ಲಿ ‘ಥಗ್ ಲೈಫ್’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಯಾವುದೋ ಅಜ್ಜಿ ಥಟ್ಟನೆ ಎದುರುತ್ತರ ಕೊಟ್ಟರೆ ಸಾಕು, ಆ ವಿಡಿಯೋಗೆ ಕಪ್ಪು ಕನ್ನಡಕ ಅಂಟಿಸಿ, ಹಿಂದೆ ಒಂದು ರ‍್ಯಾಪ್ ಹಾಡು ಹಾಕಿ ಊರಿಗೆಲ್ಲ ಹಂಚುತ್ತಾರಲ್ಲ, ಅದೇ. ಆ ಹೆಸರಿನ ತಂಡವೊಂದು ನಿಜವಾಗಿಯೂ ಇತ್ತು. ಅದು ತಂದದ್ದು ಒಂದೇ ಒಂದು ಸ್ಟುಡಿಯೋ ಆಲ್ಬಂ, 1994ರ ‘ಥಗ್ ಲೈಫ್: ವಾಲ್ಯೂಮ್ 1’. ವಾಲ್ಯೂಮ್ 2 ಬರಲೇ ಇಲ್ಲ!

ಹಾಡಿನ ವಿಚಾರಕ್ಕೆ ಬರುವ ಮೊದಲು ಈ ಹೆಸರಿನ ಊರು ನೋಡಿ ಬರೋಣ. ಅದು ನಮ್ಮ ಕಡೆಯದೇ. ಮೋಸಗಾರನನ್ನು ಇಲ್ಲಿ ಗುಜರಾತಿಯಲ್ಲಿ ‘ಠಗ್’ ಎನ್ನುತ್ತಾರೆ, ನಾವು ‘ಠಕ್ಕ’ ಎನ್ನುತ್ತೇವೆ. ದಾರಿಹೋಕರ ಸ್ನೇಹ ಬೆಳೆಸಿ, ಕೊರಳಿಗೆ ಉರುಲು ಬಿಗಿದು ದೋಚುತ್ತಿದ್ದರೆಂದು ಹೇಳಲಾದ ಗುಂಪುಗಳಿಗೆ ಬ್ರಿಟಿಷರು ಇದೇ ಹೆಸರು ಕೊಟ್ಟರು. ಕನ್ನಡ ಸೀಮೆಯಲ್ಲಿ ಅವರನ್ನು ‘ತಂತಿಕಳ್ಳರು’ ಎನ್ನುತ್ತಿದ್ದರಂತೆ. ತಂತಿ ಎಂದರೆ ಇಲ್ಲಿ ಕೊರಳಿಗೆ ಬಿಗಿಯುವ ನರದ ಹುರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರು ಸೀಮೆಯಲ್ಲಿ ಸುಮಾರು 100 ಜನರನ್ನು ಹಿಡಿದರೆಂದು ಆ ಕಾಲದ ಬರಹಗಳು ಹೇಳುತ್ತವೆ. ಮುಂದೆ 1836ರಲ್ಲಿ ಒಂದು ಕಾಯಿದೆಯೇ ಬಂತು. ಇಂಥವನು ಠಕ್ಕರ ಗುಂಪಿಗೆ ಸೇರಿದವನು ಎಂದು ಸಾಬೀತಾದರೆ ಮುಗಿಯಿತು, ಜೀವಾವಧಿ ಶಿಕ್ಷೆ. ಅವನ ಕೈಯಿಂದಲೇ ಕೊಲೆ ಆಗಿದೆಯೇ ಎಂದು ಕೇಳಬೇಕಾಗಿಯೇ ಇರಲಿಲ್ಲ.

ಈ ಪದವನ್ನು ಇಂಗ್ಲಿಷ್ ಓದುಗರ ಮನೆ ಮನೆಗೆ ಮುಟ್ಟಿಸಿದ್ದು 1839ರ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ. ಬರೆದವರು ಫಿಲಿಪ್ ಮೆಡೋಸ್ ಟೇಲರ್. ಹೌದು, ನಮ್ಮ ಸುರಪುರದ ‘ಟೇಲರ್ ಮಂಜಿಲ್’ನ ಅದೇ ಟೇಲರ್ ಸಾಹೇಬ! (ಯಾದಗಿರಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.) ಹಾಗೆ ಹಡಗು ಹತ್ತಿದ ಪದ ಅಮೆರಿಕಕ್ಕೆ ಹೋಗಿ ‘ಬೀದಿ ರೌಡಿ’ ಎಂಬ ಅರ್ಥ ಪಡೆಯಿತು. ಬಡ ಕೇರಿಗಳ ಕಪ್ಪು ಹುಡುಗರ ಬೆನ್ನಿಗೆ ಅಂಟಿಕೊಂಡಿತು.

ಟುಪಾಕ್ ಶಕೂರ್ ಎಂಬ ರ‍್ಯಾಪರ್ ಮಾಡಿದ್ದು ಏನೆಂದರೆ, ಆ ಬೈಗುಳವನ್ನು ತಾನೇ ಎತ್ತಿ ಹೊಟ್ಟೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಹಚ್ಚೆ ಹಾಕಿಸಿಕೊಂಡ. ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಹೊಂದಿಸಿ ಅರ್ಥ ಹೇಳುತ್ತಿದ್ದ: ಎಳೆಯ ಮಕ್ಕಳಿಗೆ ನೀವು ಉಣಿಸುವ ದ್ವೇಷ ಕಡೆಗೆ ಎಲ್ಲರನ್ನೂ ಹಾಳುಮಾಡುತ್ತದೆ ಎಂಬ ಭಾವ. (ಮೂಲದಲ್ಲಿ ಒಂದು ಕೆಟ್ಟ ಮಾತಿದೆ, ಬಿಟ್ಟಿದ್ದೇನೆ.) ಆಂಜಿ ಥಾಮಸ್ ಅವರ 2017ರ ಕಾದಂಬರಿ ‘ದ ಹೇಟ್ ಯು ಗಿವ್’ ತನ್ನ ಹೆಸರು ಪಡೆದದ್ದು ಇಲ್ಲಿಂದಲೇ. ತಂಡದಲ್ಲಿ ಅವನ ಜೊತೆ ಮಲಸಹೋದರ ಮೊಪ್ರೀಮ್, ಬಿಗ್ ಸೈಕ್, ಮ್ಯಾಕಡೋಷಿಸ್ ಮತ್ತು ದ ರೇಟೆಡ್ ಆರ್ ಇದ್ದರು.

ಆದರೆ ಕಾಲ ಸರಿಯಿರಲಿಲ್ಲ. 1992ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಪೊಲೀಸನ ಕೊಲೆಯಾದಾಗ ಆರೋಪಿಯ ವಾಹನದಲ್ಲಿ ಟುಪಾಕ್‌ನ ಮೊದಲ ಆಲ್ಬಂನ ಕ್ಯಾಸೆಟ್ ಇತ್ತು. ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಅವರೇ ಆ ಆಲ್ಬಂ ವಿರುದ್ಧ ಮಾತಾಡಿದರು. 1993ರಲ್ಲಿ ಲಾಸ್ ಏಂಜಲೀಸ್‌ನ ಕೆಎಸಿಇ, ನ್ಯೂಯಾರ್ಕ್‌ನ ಡಬ್ಲ್ಯುಬಿಎಲ್‌ಎಸ್ ರೇಡಿಯೋಗಳು ಹಿಂಸೆ ತುಂಬಿದ ಹಾಡುಗಳನ್ನು ಹಾಕುವುದಿಲ್ಲ ಎಂದು ಸಾರಿದವು. ಎರಡೂ ಕಪ್ಪು ಜನರ ಒಡೆತನದಲ್ಲಿದ್ದ ಕೇಂದ್ರಗಳೇ. 1994ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಗ್ಯಾಂಗ್‌ಸ್ಟಾ ರ‍್ಯಾಪ್ ಬಗ್ಗೆ ವಿಚಾರಣೆ ನಡೆಸಿತು. ಅಲ್ಲಿ ಕಟುವಾಗಿ ಮಾತಾಡಿದ ಸಿ. ಡೆಲೋರಸ್ ಟಕರ್, ಮಾರ್ಟಿನ್ ಲೂಥರ್ ಕಿಂಗ್ ಜೊತೆ ಹೆಜ್ಜೆ ಹಾಕಿದ್ದ ಕಪ್ಪು ಮಹಿಳೆ. ಹೆಣ್ಣನ್ನು ಹೀಗೆಲ್ಲ ಕರೆಯುವುದು ಹಾಡೇ ಎಂಬ ಅವರ ಸಿಟ್ಟು ಸುಳ್ಳಲ್ಲ. ಟುಪಾಕ್ ಕೂಡ ಮುಗ್ಧನೇನಲ್ಲ. ಆಲ್ಬಂ ಬಂದ ವರ್ಷವೇ ಡಿಸೆಂಬರ್‌ನಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ತಪ್ಪಿತಸ್ಥನೆಂದು ತೀರ್ಪಾಗಿ, ಮರುವರ್ಷ ಜೈಲು ಸೇರಿದ.

ಈ ಗದ್ದಲದಲ್ಲಿ ಮೊದಲು ಸಿದ್ಧವಾಗಿದ್ದ ಆಲ್ಬಂ ಮೂಲೆಗೆ ಬಿತ್ತು. ಹಲವು ಹಾಡುಗಳು ಹೋದವು, ಆಲ್ಬಂ ಹೊಸದಾಗಿ ಧ್ವನಿಮುದ್ರಣಗೊಂಡಿತು, ಕಡೆಗೆ 10 ಹಾಡುಗಳು ಉಳಿದವು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು 42ನೇ ಸ್ಥಾನದವರೆಗೆ ಮಾತ್ರ. ಆದರೂ ನಿಧಾನವಾಗಿ ಮಾರಾಟವಾಗಿ, 5 ಲಕ್ಷ ಪ್ರತಿಗಳಿಗೆ ಕೊಡುವ ‘ಗೋಲ್ಡ್’ ಮನ್ನಣೆ ಪಡೆಯಿತು. ಬಿಟ್ಟ ಹಾಡುಗಳಲ್ಲಿ ಕೆಲವು ಟುಪಾಕ್ ತೀರಿಕೊಂಡ ಮೇಲೆ ಬೇರೆ ಆಲ್ಬಂಗಳಲ್ಲಿ ಹೊರಬಂದವು. ಅವನನ್ನು ಲಾಸ್ ವೇಗಸ್‌ನಲ್ಲಿ ಗುಂಡಿಟ್ಟು ಕೊಂದದ್ದು 1996ರ ಸೆಪ್ಟೆಂಬರ್‌ನಲ್ಲಿ. ವಯಸ್ಸು ಬರೀ 25.

ನನ್ನ ಕಿವಿಗೆ ಈ ಆಲ್ಬಂ ಏರುಪೇರಾಗಿಯೇ ಕೇಳುತ್ತದೆ. ಕತ್ತರಿ ಆಡಿದ ಜಾಗ ಗೊತ್ತಾಗುತ್ತದೆ ಅನ್ನಿ. ಆದರೆ ಹೆಸರು ಕೇಳಿ ಬೆದರಿದವರು ಬಹುಶಃ ಕೇಳದೇ ಹೋದದ್ದು ಒಂದಿದೆ: ಇದರಲ್ಲಿ ಗುಂಡಿನಷ್ಟೇ ಗೋರಿಯ ಮಾತೂ ಇದೆ. ಒಂದು ಹಾಡು ಸತ್ತವರ ಹೆಸರಿನಲ್ಲಿ ನೆಲಕ್ಕೆ ಮದ್ಯ ಸುರಿಯುವುದರ ಬಗ್ಗೆ. ಇನ್ನೊಂದು ತೊಟ್ಟಿಲಿನಿಂದ ಗೋರಿಯವರೆಗಿನ ಬದುಕಿನ ಬಗ್ಗೆ. ‘ಹೌ ಲಾಂಗ್ ವಿಲ್ ದೇ ಮೋರ್ನ್ ಮಿ?’ ಕೊಲೆಯಾದ ಗೆಳೆಯ ಕೇಟೋಗಾಗಿ ಹಾಡಿದ್ದು. ಸಂಗೀತ ವಾರೆನ್ ಜಿ ಅವರದು. ನಡುವೆ ನೇಟ್ ಡಾಗ್ ದನಿ ಎಳೆದು ಹಾಡುವಾಗ ರ‍್ಯಾಪ್ ಒಗ್ಗದವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಎದೆ ಬಡಿದುಕೊಂಡು ಅಳಲು ನಾಚುವ ಹುಡುಗರು ತಾಳದ ಮೇಲೆ ಅಳುತ್ತಿದ್ದಾರೆ ಅನ್ನಿಸುತ್ತದೆ. ಈ ಹಾಡು 1998ರ ಟುಪಾಕ್ ‘ಗ್ರೇಟೆಸ್ಟ್ ಹಿಟ್ಸ್’ ಸಂಗ್ರಹದಲ್ಲೂ ಇದೆ.

“ಹಾಗಾದರೆ ನಮ್ಮ ಕನ್ನಡ ಅವಧಿಯಲ್ಲಿ ಹಾಕಿ” ಎಂದು ಯಾರೂ ಫೋನ್ ಮಾಡಬೇಡಿ! ಖಾಸಗಿ ಎಫ್‌ಎಂಗಳೂ ಆಕಾಶವಾಣಿಯ ಸಂಹಿತೆಯನ್ನೇ ಪಾಲಿಸಬೇಕು. ಈ ಹಾಡುಗಳ ಭಾಷೆ ಅದಕ್ಕೆ ಒಗ್ಗುವುದಿಲ್ಲ, ಬೀಪ್ ಹಾಕುತ್ತಾ ಹೋದರೆ ತಾಳವೂ ಉಳಿಯುವುದಿಲ್ಲ. ಹುಡುಕಿ ಕೇಳುವವರು ಕೇಟೋನ ಹಾಡಿನಿಂದಲೇ ಶುರುಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಹೆಡ್‌ಫೋನ್ ಮರೆಯಬೇಡಿ.